ಒಂದು ರಾತ್ರಿಯ ರೈಲು, ಎರಡು ದಿನದ ರಜೆ

ರಾತ್ರಿ ರೈಲಿನಲ್ಲಿ ಮಲಗಿ ಹೋಗಿ, ಒಂದೆರಡು ದಿನ ಊರು ನೋಡಿ, ಮತ್ತೆ ರಾತ್ರಿ ರೈಲಿನಲ್ಲೇ ಮರಳುವ ಪ್ರವಾಸದ ಬಗ್ಗೆ ಬಂದಿರುವ ಪತ್ರಗಳಿಗೆ ಈ ಸಂಚಿಕೆಯಲ್ಲಿ ಉತ್ತರಿಸಲಾಗಿದೆ. ರೈಲುಗಳ ಹೊತ್ತನ್ನು ಅಂದಾಜಿನಲ್ಲಿ ಕೊಟ್ಟಿರುವುದರಿಂದ, ಟಿಕೆಟ್ ಮಾಡುವ ಮುನ್ನ ಆ ದಿನದ ವೇಳಾಪಟ್ಟಿಯನ್ನು ಓದುಗರು ದಯವಿಟ್ಟು ನೋಡಿಕೊಳ್ಳಬೇಕು.

ಪ್ರಶ್ನೆ: ನಮ್ಮ ಮನೆಯಲ್ಲಿ ಐವರು. ನಾವು ದಂಪತಿ, 67 ವರ್ಷದ ನಮ್ಮ ಅತ್ತೆ, ಒಂಬತ್ತು ವರ್ಷದ ಮಗಳು, ನಾಲ್ಕು ವರ್ಷದ ಮಗ. ನವೆಂಬರ್ ಮೊದಲ ವಾರದಲ್ಲಿ ಎರಡು ದಿನ ರಜೆ ಹೊಂದಿಸಿಕೊಂಡಿದ್ದೇವೆ. ಹಗಲನ್ನೆಲ್ಲ ಕಾರಿನಲ್ಲಿ ಕಳೆಯುವ ಬದಲು ರಾತ್ರಿ ರೈಲಿನಲ್ಲಿ ಹೋಗಿ ಹಂಪಿಯನ್ನಾಗಲಿ ಜೋಗವನ್ನಾಗಲಿ ನೋಡಿಬರಬೇಕೆಂಬ ಆಸೆ. ಅತ್ತೆಯವರಿಗೆ ಮಂಡಿನೋವಿದೆ, ಮೇಲಿನ ಬರ್ತ್ ಹತ್ತಲಾರರು. ಯಾವ ಊರು ಸೂಕ್ತ? ಟಿಕೆಟನ್ನು ಯಾವಾಗ, ಹೇಗೆ ಮಾಡಬೇಕು?
— ಓದುಗರೊಬ್ಬರು, ಬೆಂಗಳೂರು

ಉತ್ತರ: ರಾತ್ರಿ ರೈಲಿನ ಸಣ್ಣ ಪ್ರವಾಸದಲ್ಲಿ ಯಾವ ಊರು ಎಂಬುದಕ್ಕಿಂತ ಮೊದಲು ಕೇಳಬೇಕಾದದ್ದು ರೈಲು ಆ ಊರನ್ನು ಎಷ್ಟು ಹೊತ್ತಿಗೆ ಮುಟ್ಟುತ್ತದೆ ಎಂಬುದು. ಬೆಳಗಿನ ಜಾವ ಮೂರೂವರೆಗೆ ಇಳಿಸುವ ರೈಲು ಉಳಿದೆಲ್ಲ ರೀತಿಯಲ್ಲಿ ಅನುಕೂಲವಾಗಿ ಕಂಡರೂ, ನಿದ್ದೆಗಣ್ಣಿನ ಮಗುವನ್ನು ಹೆಗಲಿಗೆ ಹಾಕಿಕೊಂಡು, ಹಿರಿಯರ ಕೈ ಹಿಡಿದು, ಆಟೊ ಸಿಗದ ನಿಲ್ದಾಣದಲ್ಲಿ ಬೆಳಕು ಹರಿಯುವುದನ್ನು ಕಾಯಬೇಕಾದ ಕುಟುಂಬಕ್ಕೆ ಅದು ಮೊದಲ ದಿನವನ್ನೇ ಕಸಿದುಕೊಳ್ಳುತ್ತದೆ. ರಾತ್ರಿ ಹತ್ತು ಹನ್ನೊಂದರ ನಡುವೆ ಹೊರಟು ಬೆಳಿಗ್ಗೆ ಏಳರ ಸುಮಾರಿಗೆ ತಲುಪಿಸುವ ರೈಲು ನಿಮಗೆ ಬೇಕು. ಸಂತೋಷದ ಸಂಗತಿಯೆಂದರೆ, ನೀವು ಹೆಸರಿಸಿರುವ ಎರಡು ಕಡೆಗೂ ಅಂಥ ರೈಲುಗಳಿವೆ. ಮೈಸೂರಿನಿಂದ ಹುಬ್ಬಳ್ಳಿಗೆ ಹೋಗುವ ಹಂಪಿ ಎಕ್ಸ್‌ಪ್ರೆಸ್ ರಾತ್ರಿ ಹತ್ತರ ಆಸುಪಾಸಿನಲ್ಲಿ ಬೆಂಗಳೂರನ್ನು ಬಿಟ್ಟು, ಧರ್ಮಾವರಂ, ಗುಂತಕಲ್, ಬಳ್ಳಾರಿಗಳ ಮೂಲಕ ಬೆಳಿಗ್ಗೆ ಏಳರ ಹೊತ್ತಿಗೆ ಹೊಸಪೇಟೆಗೆ ಬರುತ್ತದೆ. ಅಲ್ಲಿಂದ ಹಂಪಿಗೆ ಸುಮಾರು 13 ಕಿಲೋಮೀಟರ್ ದೂರವಿದ್ದು, ಬಸ್ಸು ಮತ್ತು ಆಟೊಗಳಿಗೆ ಕೊರತೆಯಿಲ್ಲ. ಮೈಸೂರು–ತಾಳಗುಪ್ಪ ಎಕ್ಸ್‌ಪ್ರೆಸ್ ಹನ್ನೊಂದರ ಸುಮಾರಿಗೆ ಬೆಂಗಳೂರಿನಿಂದ ಹೊರಟು ಶಿವಮೊಗ್ಗ, ಸಾಗರಗಳನ್ನು ಹಾದು ಬೆಳಗಿನ ಏಳರ ಹೊತ್ತಿಗೆ ತಾಳಗುಪ್ಪದಲ್ಲಿ ಕೊನೆಗೊಳ್ಳುತ್ತದೆ. ಜೋಗ ಅಲ್ಲಿಂದ ಸುಮಾರು 15 ಕಿಲೋಮೀಟರ್.

ಮಕ್ಕಳೊಂದಿಗೆ ಹೋಗುವವರಿಗೆ ತಾಳಗುಪ್ಪದ ರೈಲಿನಲ್ಲಿ ಒಂದು ವಿಶೇಷ ಅನುಕೂಲವಿದೆ. ಅದು ಕೊನೆಯ ನಿಲ್ದಾಣವಾದುದರಿಂದ ನಿದ್ದೆಯಲ್ಲಿ ಊರು ದಾಟಿಹೋಗುವ ಭಯವಿಲ್ಲ, ಎರಡು ನಿಮಿಷದಲ್ಲಿ ಐವರನ್ನೂ ಸಾಮಾನನ್ನೂ ಇಳಿಸಬೇಕೆಂಬ ಧಾವಂತವೂ ಇಲ್ಲ. ಹೊಸಪೇಟೆ ಹಾಗಲ್ಲ, ರೈಲು ಮುಂದೆ ಕೊಪ್ಪಳ, ಗದಗಗಳತ್ತ ಹೋಗುತ್ತದೆ. ಬಳ್ಳಾರಿಯಲ್ಲೇ ಎಚ್ಚರಗೊಂಡು ಮಕ್ಕಳ ಚಪ್ಪಲಿ, ನೀರಿನ ಬಾಟಲಿಗಳನ್ನು ಒಂದೆಡೆ ಸೇರಿಸಿಕೊಳ್ಳಿ, ತೋರಣಗಲ್ಲು ಬಂದೊಡನೆ ಬಾಗಿಲ ಹತ್ತಿರಕ್ಕೆ ಸರಿಯಲು ಸಿದ್ಧರಾಗಿ. ಆದರೂ ನವೆಂಬರ್ ತಿಂಗಳಿಗೆ ನಾನು ಹಂಪಿಯನ್ನೇ ಸೂಚಿಸುತ್ತೇನೆ. 253 ಮೀಟರ್ ಎತ್ತರದಿಂದ ಬೀಳುವ ಶರಾವತಿಯನ್ನು ಅದರ ಪೂರ್ಣ ರೂಪದಲ್ಲಿ ಕಾಣಬೇಕಾದರೆ ಮಳೆಗಾಲ ನಡೆಯುತ್ತಿರುವಾಗ ಇಲ್ಲವೇ ಅದು ಮುಗಿಯುವ ಹೊತ್ತಿಗೆ, ಅಂದರೆ ಜುಲೈಯಿಂದ ಸೆಪ್ಟೆಂಬರ್‌ವರೆಗೆ ಹೋಗಬೇಕು. ಮೇಲ್ಭಾಗದ ಲಿಂಗನಮಕ್ಕಿ ಅಣೆಕಟ್ಟು ನೀರನ್ನು ಹಿಡಿದಿಡುವುದರಿಂದ, ಮಳೆ ನಿಂತ ಮೇಲೆ ರಾಜ, ರಾಣಿ, ರೋರರ್, ರಾಕೆಟ್ ನಾಲ್ಕೂ ಧಾರೆಗಳು ತೆಳುವಾಗುತ್ತ ಹೋಗುತ್ತವೆ. ಮಗಳಿಗೆ ಮೊದಲ ಸಲ ಜೋಗ ತೋರಿಸುವುದಾದರೆ ಅದನ್ನು ಮುಂದಿನ ಆಗಸ್ಟ್‌ಗೆ ಇಟ್ಟುಕೊಳ್ಳಿ. ಹಂಪಿಯಾದರೋ ನವೆಂಬರ್‌ನಿಂದ ಫೆಬ್ರವರಿಯವರೆಗೆ ಮಾತ್ರ ಹಿರಿಯರೂ ಮಕ್ಕಳೂ ಹಗಲಿನಲ್ಲಿ ಸುತ್ತಾಡಬಹುದಾದ ಊರು. ಬೇಸಿಗೆಯಲ್ಲಿ ಅಲ್ಲಿನ ಬಂಡೆಗಳ ಕಾವು ಮಧ್ಯಾಹ್ನದ ಮೂರು ನಾಲ್ಕು ಗಂಟೆಗಳನ್ನು ಕೋಣೆಯೊಳಗೇ ಕಳೆಯುವಂತೆ ಮಾಡುತ್ತದೆ. ವಿಜಯವಿಠ್ಠಲ ದೇವಾಲಯದ ಹತ್ತಿರದವರೆಗೆ ಬ್ಯಾಟರಿ ವಾಹನಗಳಿರುವುದು ನಿಮ್ಮ ಅತ್ತೆಯವರಿಗೆ ನೆರವಾಗುತ್ತದೆ. ವಿರೂಪಾಕ್ಷ ದೇವಾಲಯ, ಕಮಲಾಪುರದ ವಸ್ತುಸಂಗ್ರಹಾಲಯ, ಕಮಲ ಮಹಲಿನ ಆವರಣಗಳನ್ನೂ ಅವರು ಹೆಚ್ಚು ಏರಿಳಿಯದೆ ನೋಡಬಹುದು. ಮಾತಂಗ ಬೆಟ್ಟ ಮತ್ತು ಅಂಜನಾದ್ರಿಯನ್ನು ಈ ಬಾರಿ ಬಿಡಿ.

ಈಗ ಟಿಕೆಟಿನ ವಿಷಯ. ಮುಂಗಡವಾಗಿ ಕಾಯ್ದಿರಿಸುವ ಅವಧಿ 2024ರ ನವೆಂಬರ್ 1ರಿಂದ 120 ದಿನಗಳ ಬದಲು 60 ದಿನಗಳಾಗಿದ್ದು, ಪ್ರಯಾಣದ ದಿನ ಇದರಲ್ಲಿ ಸೇರುವುದಿಲ್ಲ. ಅಕ್ಟೋಬರ್ 31ರ ರಾತ್ರಿ ಹೊರಡುವುದಾದರೆ ಸೆಪ್ಟೆಂಬರ್ 1ರ ಬೆಳಿಗ್ಗೆ 8ಕ್ಕೆ ಟಿಕೆಟ್ ತೆರೆಯುತ್ತದೆ. ನವೆಂಬರ್ 2ರ ರಾತ್ರಿ ಮರಳುವ ಟಿಕೆಟ್ ತೆರೆಯುವುದು ಸೆಪ್ಟೆಂಬರ್ 3ಕ್ಕೆ. ಇವೆರಡನ್ನೂ ಒಂದೇ ಕೆಲಸವೆಂದು ಭಾವಿಸಿ, ಎರಡೂ ದಿನಾಂಕಗಳನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಳ್ಳಿ. ಹೋಗುವ ಟಿಕೆಟ್ ಸಿಕ್ಕ ಸಮಾಧಾನದಲ್ಲಿ ಮರಳುವ ಟಿಕೆಟನ್ನು ವಾರಗಟ್ಟಲೆ ಮುಂದೂಡುವುದು ಇಂಥ ಪ್ರವಾಸಗಳು ಕೆಡುವ ಸಾಮಾನ್ಯ ಕಾರಣ. ಭಾನುವಾರ ರಾತ್ರಿ ರಾಜ್ಯದ ಎಲ್ಲ ದಿಕ್ಕುಗಳಿಂದಲೂ ಬೆಂಗಳೂರಿಗೆ ಮರಳುವವರ ಒತ್ತಡ ಎಷ್ಟೆಂದು ನಿಮಗೆ ತಿಳಿದೇ ಇದೆ. 60 ದಿನಗಳ ಗಡುವು ಕಳೆದ ಮೇಲೆ ಯೋಜನೆ ಮಾಡುತ್ತಿರುವವರು ಮರಳುವ ರೈಲಿನಲ್ಲಿ ಬರ್ತ್ ಇದೆಯೇ ಎಂದು ಮೊದಲು ನೋಡಿ, ಅದು ಖಚಿತವಾದ ಮೇಲಷ್ಟೇ ಹೋಗುವ ಟಿಕೆಟ್ ಕೊಳ್ಳಬೇಕು. ಇನ್ನೊಂದು ಮಾತು: ಟಿಕೆಟ್ ತೆರೆಯುವ ದಿನ ಆನ್‌ಲೈನಿನಲ್ಲಿ ಆಧಾರ್ ದೃಢೀಕರಣವಾಗಿರುವ ಖಾತೆಗಳಿಗೇ ಮೊದಲ ಅವಕಾಶ ಸಿಗುವುದರಿಂದ, ಐಆರ್‌ಸಿಟಿಸಿ ಖಾತೆಗೆ ಆಧಾರ್ ಜೋಡಿಸುವ ಕೆಲಸವನ್ನು ಈಗಲೇ ಮುಗಿಸಿಕೊಳ್ಳಿ.

ಅತ್ತೆಯವರ ಕೆಳ ಬರ್ತಿನ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಇಲ್ಲಿಯೇ ಅನೇಕರು ಎಡವುತ್ತಾರೆ. 60 ತುಂಬಿದ ಪುರುಷರಿಗೂ 45 ತುಂಬಿದ ಮಹಿಳೆಯರಿಗೂ ಗರ್ಭಿಣಿಯರಿಗೂ ಕೆಳ ಬರ್ತಿನ ಪ್ರತ್ಯೇಕ ಕೋಟಾ ಇದೆ. ಸ್ಲೀಪರಿನಲ್ಲಿ ಪ್ರತಿ ಬೋಗಿಗೆ ಆರೇಳು, ಎಸಿ ತ್ರೀ ಟೈರಿನಲ್ಲಿ ನಾಲ್ಕೈದು, ಎಸಿ ಟೂ ಟೈರಿನಲ್ಲಿ ಮೂರು ನಾಲ್ಕು ಬರ್ತುಗಳು ಇದಕ್ಕೆ ಮೀಸಲು. ಆದರೆ ಅರ್ಹರು ಒಬ್ಬರೇ ಇಲ್ಲವೇ ಅರ್ಹರಾದ ಇಬ್ಬರೇ ಒಂದು ಟಿಕೆಟಿನಲ್ಲಿ ಇದ್ದಾಗ ಮಾತ್ರ ಈ ಕೋಟಾ ಸಲ್ಲುತ್ತದೆ. ಇಡೀ ಕುಟುಂಬವನ್ನು ಒಂದೇ ಟಿಕೆಟಿಗೆ ಸೇರಿಸಿದೊಡನೆ ಅದು ಕೈತಪ್ಪುತ್ತದೆ. ಹಾಗೆಂದು ಅತ್ತೆಯವರಿಗೆ ಬೇರೆ ಟಿಕೆಟ್ ಮಾಡಿದರೆ ಅವರ ಬರ್ತ್ ಬೇರೆ ಬೋಗಿಗೆ ಹೋಗಬಹುದು, ಮಂಡಿನೋವಿರುವವರನ್ನು ರಾತ್ರಿಯೆಲ್ಲ ಒಂಟಿಯಾಗಿ ಬಿಡುವುದು ನನಗೆ ಸರಿಕಾಣುವುದಿಲ್ಲ. ಆದ್ದರಿಂದ ಟಿಕೆಟ್ ತೆರೆದ ಬೆಳಿಗ್ಗೆಯೇ ಎಲ್ಲರನ್ನೂ ಒಂದೇ ಟಿಕೆಟಿನಲ್ಲಿ ಸಾಮಾನ್ಯ ಕೋಟಾದಲ್ಲಿ ಕಾಯ್ದಿರಿಸಿ, ಅತ್ತೆಯವರ ವಯಸ್ಸನ್ನು ಸರಿಯಾಗಿ ನಮೂದಿಸಿ, ಕನಿಷ್ಠ ಒಂದು ಕೆಳ ಬರ್ತ್ ಸಿಕ್ಕರೆ ಮಾತ್ರ ಟಿಕೆಟ್ ಆಗಲಿ ಎಂಬ ಆಯ್ಕೆಯನ್ನು ಗುರುತಿಸಿ. ಆ ಹೊತ್ತಿನಲ್ಲಿ ಕೆಳ ಬರ್ತುಗಳು ಸಾಕಷ್ಟು ಉಳಿದಿರುತ್ತವೆ, ಹಿರಿಯರಿಗೆ ಅವನ್ನು ಕೊಡುವಂತೆಯೇ ವ್ಯವಸ್ಥೆಯನ್ನು ರೂಪಿಸಲಾಗಿದೆ. ಹಾಗೆ ಸಿಗದಿದ್ದರೆ ಮಾತ್ರ ಪ್ರತ್ಯೇಕ ಟಿಕೆಟಿನ ದಾರಿ ಹಿಡಿಯಿರಿ. ಎಲ್ಲವೂ ವಿಫಲವಾದಾಗ, ರೈಲು ಹೊರಟ ಮೇಲೆ ಖಾಲಿ ಉಳಿದ ಕೆಳ ಬರ್ತನ್ನು ಹಿರಿಯರಿಗೆ ಕೊಡುವ ಅಧಿಕಾರ ಟಿಕೆಟ್ ಪರೀಕ್ಷಕರಾದ ಟಿಟಿಇ ಅವರಿಗಿದೆ, ಸಂಕೋಚವಿಲ್ಲದೆ ಕೇಳಿ. ದರ್ಜೆಯನ್ನು ತಾನಾಗಿ ಮೇಲೇರಿಸುವ ಆಯ್ಕೆಯನ್ನು ಮಾತ್ರ ಗುರುತಿಸಬೇಡಿ, ಬೋಗಿ ಬದಲಾದರೆ ಬರ್ತೂ ಬದಲಾಗುತ್ತದೆ.

ಬಂದ ಸಂಖ್ಯೆಯನ್ನು ನೋಡಿಯೇ ಬರ್ತ್ ಯಾವುದೆಂದು ತಿಳಿಯಬಹುದು. ಸ್ಲೀಪರಿನಲ್ಲೂ ತ್ರೀ ಟೈರಿನಲ್ಲೂ ಎಂಟೆಂಟು ಬರ್ತುಗಳ ಗುಂಪು ಇರುತ್ತದೆ: 1 ಮತ್ತು 4 ಕೆಳಗಿನವು, 2 ಮತ್ತು 5 ನಡುವಿನವು, 3 ಮತ್ತು 6 ಮೇಲಿನವು, 7 ಪಕ್ಕದ ಕೆಳಗಿನದು, 8 ಪಕ್ಕದ ಮೇಲಿನದು. 9ರಿಂದ ಮತ್ತೆ ಇದೇ ಕ್ರಮ. ಟೂ ಟೈರಿನಲ್ಲಿ ಆರರ ಗುಂಪು, ನಡುವಿನ ಬರ್ತ್ ಇಲ್ಲ. ನಡುವಿನ ಬರ್ತ್ ಇರುವ ಕಡೆ ಅದನ್ನು ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಮಾತ್ರ ತೆರೆದಿಡಬಹುದೆಂಬ ನಿಯಮವಿದೆ. ನಿಮ್ಮ ರೈಲು ಹೊರಡುವುದೇ ಹತ್ತಕ್ಕಾದ್ದರಿಂದ ಹತ್ತಿದ ಕೂಡಲೇ ಎಲ್ಲರೂ ಮಲಗಬಹುದು.

ಮಕ್ಕಳ ವಿಷಯದಲ್ಲಿ, ಐದು ವರ್ಷದೊಳಗಿನವರಿಗೆ ಟಿಕೆಟ್ ಬೇಕಿಲ್ಲ, ಬರ್ತೂ ಸಿಗುವುದಿಲ್ಲ. ಐದರಿಂದ ಹನ್ನೆರಡರೊಳಗಿನವರಿಗೆ ಅರ್ಧ ದರ ಕೊಟ್ಟರೆ ಬರ್ತ್ ಇಲ್ಲ, ಬರ್ತ್ ಬೇಕೆಂದರೆ ಪೂರ್ಣ ದರ ತೆರಬೇಕು. ಒಂಬತ್ತು ವರ್ಷದ ಮಗಳಿಗೆ ಪೂರ್ಣ ದರ ಕೊಟ್ಟು ಬರ್ತ್ ತೆಗೆದುಕೊಳ್ಳಿ. ಅರ್ಧ ದರದಲ್ಲಿ ಉಳಿಸಿದ ಹಣಕ್ಕೆ ನಿಮ್ಮ ಇಡೀ ರಾತ್ರಿಯ ನಿದ್ದೆಯನ್ನು ತೆರಬೇಕಾಗುತ್ತದೆ. ಕಿರಿಯ ಮಗ ನಿಮ್ಮೊಡನೆ ಮಲಗಬಹುದು. ದರ್ಜೆ ಎಸಿ ತ್ರೀ ಟೈರ್ ಆಗಲಿ ಎಂಬುದು ನನ್ನ ಸಲಹೆ. ಅಲ್ಲಿ ಹಾಸಿಗೆ ಬಟ್ಟೆ, ದಿಂಬು, ಹೊದಿಕೆಗಳನ್ನು ರೈಲ್ವೆಯೇ ಕೊಡುತ್ತದೆ. ಸ್ಲೀಪರಿನಲ್ಲಿ ಹೋಗುವುದಾದರೆ ಅವನ್ನೆಲ್ಲ ನೀವೇ ಒಯ್ಯಬೇಕು, ನವೆಂಬರಿನ ರಾತ್ರಿ ಬಯಲು ಸೀಮೆಯ ಗಾಳಿ ಕಿಟಕಿಯ ಸಂದಿನಿಂದಲೂ ಕೊರೆಯುತ್ತದೆ.

ಇನ್ನು ರೈಲಿನ ಎರಡು ತುದಿಗಳಲ್ಲಿ ಉಳಿಯುವ ಹೊತ್ತು. ಬೆಳಿಗ್ಗೆ ಏಳಕ್ಕೆ ಇಳಿಯುವ ನಿಮಗೆ ಹೋಟೆಲಿನವರು ಹನ್ನೊಂದಕ್ಕೋ ಹನ್ನೆರಡಕ್ಕೋ ಕೋಣೆ ಕೊಡುತ್ತಾರೆ. ಕೊನೆಯ ದಿನ ಹನ್ನೊಂದಕ್ಕೆ ಕೋಣೆ ಬಿಟ್ಟರೆ ಮರಳುವ ಹಂಪಿ ಎಕ್ಸ್‌ಪ್ರೆಸ್ ಹೊಸಪೇಟೆಗೆ ಬರುವುದು ರಾತ್ರಿ ಒಂಬತ್ತರ ಆಸುಪಾಸಿಗೆ. ಯುವಕರು ಈ ಹೊತ್ತನ್ನು ಹೇಗೋ ಕಳೆಯುತ್ತಾರೆ, ಹಿರಿಯರಿಗೂ ಮಕ್ಕಳಿಗೂ ಸ್ನಾನದ ಮನೆ, ಮಧ್ಯಾಹ್ನ ಮೈಚೆಲ್ಲಲು ಒಂದು ಜಾಗ ಬೇಕೇ ಬೇಕು. ಕೋಣೆ ಕಾಯ್ದಿರಿಸುವಾಗಲೇ ದೂರವಾಣಿಯಲ್ಲಿ ಮಾತನಾಡಿ, ಮೊದಲ ದಿನ ಬೆಳಿಗ್ಗೆ ಬೇಗ ಒಳಬಿಡುವರೇ, ಕೊನೆಯ ದಿನ ಸಂಜೆಯವರೆಗೆ ಅರ್ಧ ಬಾಡಿಗೆಗೆ ಕೋಣೆ ಮುಂದುವರಿಸುವರೇ ಎಂದು ಕೇಳಿಕೊಳ್ಳಿ. ಕೋಣೆಯ ದರವನ್ನು ಹೋಲಿಸುವುದಕ್ಕಿಂತ ಈ ಎರಡು ಪ್ರಶ್ನೆಗಳ ಉತ್ತರ ಮುಖ್ಯ. ಕೊನೆಯದಾಗಿ, ಬೆಂಗಳೂರಿನಲ್ಲಿ ನಿಮ್ಮ ರೈಲು ಮೆಜೆಸ್ಟಿಕ್‌ನ ಕೆಎಸ್‌ಆರ್ ನಿಲ್ದಾಣದಿಂದ ಹೊರಡುತ್ತದೆಯೇ, ಯಶವಂತಪುರದಿಂದಲೇ, ಬೈಯಪ್ಪನಹಳ್ಳಿಯ ಸರ್ ಎಂ. ವಿಶ್ವೇಶ್ವರಯ್ಯ ಟರ್ಮಿನಲ್‌ನಿಂದಲೇ ಎಂಬುದನ್ನು ಟಿಕೆಟಿನಲ್ಲಿ ಓದಿಕೊಳ್ಳಿ. ಟಿಕೆಟಿನಲ್ಲಿರುವ ನಿಲ್ದಾಣಕ್ಕಿಂತ ಮುಂದಿನ ನಿಲ್ದಾಣದಲ್ಲಿ ಹತ್ತುವುದಾದರೆ, ಹತ್ತುವ ನಿಲ್ದಾಣವನ್ನು ಚಾರ್ಟ್, ಅಂದರೆ ಯಾರಿಗೆ ಯಾವ ಬರ್ತ್ ಎಂಬ ಪಟ್ಟಿ, ಸಿದ್ಧವಾಗುವ ಮೊದಲೇ ಆನ್‌ಲೈನಿನಲ್ಲಿ ಬದಲಿಸಬೇಕು. ಇಲ್ಲದಿದ್ದರೆ ನೀವು ಬಂದಿಲ್ಲವೆಂದು ಬರ್ತ್ ಬೇರೆಯವರ ಪಾಲಾಗಬಹುದು.

ಪ್ರಶ್ನೆ: ನಾವು ನಾಲ್ವರು ಗೆಳೆಯರು ಗೋಲಗುಂಬಜ್ ಎಕ್ಸ್‌ಪ್ರೆಸ್‌ನಲ್ಲಿ ಬಾದಾಮಿಗೆ ಹೊರಟಿದ್ದೇವೆ. ಸ್ಲೀಪರಿನಲ್ಲಿ ವೇಟಿಂಗ್ ಲಿಸ್ಟ್ ಬಂದಿದೆ. ಕೊನೆಯವರೆಗೂ ಖಚಿತವಾಗದಿದ್ದರೆ ಹತ್ತಿ ಕುಳಿತು, ಒಳಗೆ ಟಿಟಿಇ ಅವರ ಬಳಿ ಮಾತನಾಡಿಕೊಳ್ಳಬಹುದೇ? ತತ್ಕಾಲ್‌ನಲ್ಲಿ ಪ್ರಯತ್ನಿಸಬೇಕೇ?
— ಕಾಲೇಜು ವಿದ್ಯಾರ್ಥಿ, ಮೈಸೂರು

ಉತ್ತರ: ಹತ್ತಿ ಕುಳಿತುಕೊಳ್ಳುವ ಯೋಚನೆಯನ್ನು ಬಿಟ್ಟುಬಿಡಿ. ಆನ್‌ಲೈನಿನಲ್ಲಿ ಮಾಡಿದ ಟಿಕೆಟ್ ಚಾರ್ಟ್ ಆದ ಮೇಲೂ ಪೂರ್ತಿ ವೇಟಿಂಗ್ ಲಿಸ್ಟಿನಲ್ಲೇ ಉಳಿದರೆ ಅದು ತಾನಾಗಿಯೇ ರದ್ದಾಗಿ ಹಣ ಖಾತೆಗೆ ಮರಳುತ್ತದೆ, ಆ ಬಳಿಕ ನಿಮ್ಮ ಕೈಯಲ್ಲಿ ಟಿಕೆಟೇ ಇರುವುದಿಲ್ಲ. ಕೌಂಟರಿನಲ್ಲಿ ಕೊಂಡ ವೇಟಿಂಗ್ ಟಿಕೆಟ್ ಹಿಡಿದು ಸ್ಲೀಪರಿನಲ್ಲಿ ಹೋಗುತ್ತಿದ್ದ ರೂಢಿಗೂ 2025ರ ಮೇ 1ರಿಂದ ಅವಕಾಶವಿಲ್ಲ, ಅಂಥವರು ಸಾಮಾನ್ಯ ಬೋಗಿಗೆ ಹೋಗಬೇಕು. ಇದು ಕಠಿಣವೆನಿಸಿದರೂ, ತಿಂಗಳ ಹಿಂದೆಯೇ ಬರ್ತ್ ಕಾಯ್ದಿರಿಸಿದವರ ಕಾಲಬುಡದಲ್ಲಿ ಇತರರು ಕುಳಿತು ರಾತ್ರಿ ಕಳೆಯುವ ಸ್ಥಿತಿ ಯಾರಿಗೂ ಹಿತವಾಗಿರಲಿಲ್ಲ.

ವೇಟಿಂಗ್ ಲಿಸ್ಟಿನ ಸಂಖ್ಯೆಗಿಂತ ಅದರ ಬಗೆಯನ್ನು ಮೊದಲು ನೋಡಿ. ಜಿಎನ್‌ಡಬ್ಲ್ಯುಎಲ್ ಎಂದಿದ್ದರೆ ಅದು ಸಾಮಾನ್ಯ ಪಟ್ಟಿ, ರದ್ದಾಗುವ ಟಿಕೆಟುಗಳ ಲಾಭ ಅದಕ್ಕೇ ಹೆಚ್ಚು. ಪಿಕ್ಯೂಡಬ್ಲ್ಯುಎಲ್ ಅಥವಾ ಆರ್‌ಎಲ್‌ಡಬ್ಲ್ಯುಎಲ್ ಎಂದಿದ್ದರೆ ನಡುವಿನ ನಿಲ್ದಾಣಗಳಿಗೆ ಹಂಚಿದ ಸಣ್ಣ ಕೋಟಾ ಆದ್ದರಿಂದ ಸಂಖ್ಯೆ ಕಡಿಮೆಯಿದ್ದರೂ ಮುಂದೆ ಸರಿಯುವುದು ನಿಧಾನ. ಆರ್‌ಎಸಿ ಬಂದರೆ ನೀವು ರೈಲು ಹತ್ತಬಹುದು. ಪಕ್ಕದ ಕೆಳ ಬರ್ತಿನಲ್ಲಿ ಇಬ್ಬರಿಗೆ ಕುಳಿತುಕೊಳ್ಳುವ ಜಾಗವಂತೂ ಖಚಿತ, ಬಾರದೆ ಉಳಿದವರ ಬರ್ತುಗಳು ಸರದಿಯಂತೆ ಆರ್‌ಎಸಿಯವರಿಗೆ ಸಿಗುತ್ತವೆ. ನಿಮ್ಮ ವಯಸ್ಸಿನಲ್ಲಿ ಹೋಗುವ ರಾತ್ರಿಗೆ ಆರ್‌ಎಸಿಯನ್ನು ಒಪ್ಪಿಕೊಳ್ಳಬಹುದು. ಮರಳಿ ಬಂದ ಬೆಳಿಗ್ಗೆಯೇ ಪರೀಕ್ಷೆಯೋ ತರಗತಿಯೋ ಇದ್ದರೆ ಒಪ್ಪಿಕೊಳ್ಳಬೇಡಿ.

ತತ್ಕಾಲ್ ಟಿಕೆಟ್, ರೈಲು ಹೊರಡುವ ಹಿಂದಿನ ದಿನ, ಎಸಿ ದರ್ಜೆಗಳಿಗೆ ಬೆಳಿಗ್ಗೆ 10ಕ್ಕೆ, ಸ್ಲೀಪರಿಗೆ 11ಕ್ಕೆ ತೆರೆಯುತ್ತದೆ. 2025ರ ಜುಲೈಯಿಂದ ಆಧಾರ್ ದೃಢೀಕರಣವಿಲ್ಲದ ಖಾತೆಯಿಂದ ಅದನ್ನು ಆನ್‌ಲೈನಿನಲ್ಲಿ ಮಾಡಲಾಗದು. ಒಂದು ತತ್ಕಾಲ್ ಟಿಕೆಟಿಗೆ ಗರಿಷ್ಠ ನಾಲ್ವರು ಎಂಬ ಮಿತಿ ನಿಮಗೆ ಸರಿಹೊಂದುತ್ತದೆ, ಆದರೆ ಖಚಿತವಾದ ತತ್ಕಾಲ್ ಟಿಕೆಟನ್ನು ನೀವೇ ರದ್ದುಮಾಡಿದರೆ ಹಣ ಮರಳುವುದಿಲ್ಲ. ಇದರ ಜೊತೆಗೆ ಇನ್ನೊಂದು ದಾರಿ ಇದೆ. ರೈಲಿನ ಮೊದಲ ಚಾರ್ಟ್ ಹಿಂದಿನಂತೆ ಹೊರಡುವುದಕ್ಕೆ ನಾಲ್ಕು ಗಂಟೆ ಮೊದಲಲ್ಲ, ಈಗ ಅದಕ್ಕೂ ಎಷ್ಟೋ ಮುಂಚೆಯೇ ಸಿದ್ಧವಾಗುತ್ತದೆ. ಅನಂತರ ಖಾಲಿ ಉಳಿದ ಬರ್ತುಗಳು ಕರೆಂಟ್ ಬುಕಿಂಗ್ ಹೆಸರಿನಲ್ಲಿ, ತತ್ಕಾಲ್‌ನ ಹೆಚ್ಚುವರಿ ಶುಲ್ಕವಿಲ್ಲದೆ, ಸಿಗುತ್ತವೆ. ವಾರದ ನಡುವಿನ ದಿನಗಳಲ್ಲಿ ಇದು ಫಲ ಕೊಡುವುದುಂಟು, ಶುಕ್ರವಾರ ಇದನ್ನು ನಂಬಿ ಕೂರಬೇಡಿ. ಟಿಕೆಟ್ ಮಾಡುವಾಗ ಕಾಣುವ ವಿಕಲ್ಪ ಯೋಜನೆಯನ್ನೂ ಯೋಚಿಸಿಯೇ ಆರಿಸಿಕೊಳ್ಳಿ. ಅದರಲ್ಲಿ ಬೇರೆ ರೈಲಿನಲ್ಲಿ, ಬೇರೆ ಹೊತ್ತಿಗೆ ಜಾಗ ಕೊಡಬಹುದಾಗಿದ್ದು, ಎರಡೇ ದಿನದ ಪ್ರವಾಸದಲ್ಲಿ ಅಂಥ ಬದಲಾವಣೆಗೆ ಎಡೆಯಿಲ್ಲ. ಖಚಿತವಾದ ಟಿಕೆಟ್ ಇಲ್ಲದೆ ಪ್ರಯಾಣದ ಹಿಂದಿನ ದಿನದ ಮಧ್ಯಾಹ್ನ ದಾಟಿತೆಂದರೆ, ಬಾದಾಮಿಯನ್ನು ಮುಂದಿನ ತಿಂಗಳಿಗೆ ಹಾಕಿ ಎಂದೇ ನಾನು ಹೇಳುತ್ತೇನೆ. ಗುಹಾದೇವಾಲಯಗಳ ಜೊತೆ ಐಹೊಳೆ, ಪಟ್ಟದಕಲ್ಲುಗಳನ್ನೂ ನೋಡಲು ಎರಡು ಪೂರ್ತಿ ಹಗಲು ಬೇಕಿದ್ದು, ನಿದ್ದೆಗೆಟ್ಟ ಕಣ್ಣಿನಲ್ಲಿ ನೋಡಿ ಮುಗಿಸುವ ಊರುಗಳು ಅವಲ್ಲ.

ಪ್ರಶ್ನೆ: ನಾನು 26 ವರ್ಷದ ಉದ್ಯೋಗಿ. ಬೆಂಗಳೂರಿನಿಂದ ಕಾರವಾರದ ಪಂಚಗಂಗಾ ಎಕ್ಸ್‌ಪ್ರೆಸ್‌ನಲ್ಲಿ ಒಬ್ಬಳೇ ಗೋಕರ್ಣಕ್ಕೆ ಹೋಗಬೇಕೆಂದಿದ್ದೇನೆ. ಮನೆಯವರಿಗೆ ಆತಂಕ. ಯಾವ ಬರ್ತ್ ಸುರಕ್ಷಿತ? ಸಕಲೇಶಪುರದ ಘಾಟಿಯೂ ನೋಡಲು ಸಿಗುತ್ತದೆಯೇ?
— ಓದುಗರೊಬ್ಬರು, ಬೆಂಗಳೂರು

ಉತ್ತರ: ಮನೆಯವರ ಆತಂಕವನ್ನು ಹಗುರಮಾಡುವ ಸಂಗತಿಗಳನ್ನು ಮೊದಲು ಹೇಳುತ್ತೇನೆ. ಸಂಜೆ ಬೆಂಗಳೂರು ಬಿಡುವ ಈ ರೈಲು ಉಡುಪಿ, ಕುಂದಾಪುರಗಳನ್ನು ಬೆಳಕು ಹರಿಯುವ ಮುಂಚೆಯೇ ಮುಟ್ಟಿದರೂ, ಗೋಕರ್ಣ ರೋಡ್ ನಿಲ್ದಾಣಕ್ಕೆ ಬರುವ ಹೊತ್ತಿಗೆ ಬೆಳಗಾಗಿರುತ್ತದೆ. ಒಬ್ಬರೇ ಹೋಗುವವರಿಗೆ ಇದು ಬರ್ತಿನ ಆಯ್ಕೆಗಿಂತಲೂ ಮುಖ್ಯವಾದದ್ದು. ನಿಲ್ದಾಣದಿಂದ ಗೋಕರ್ಣ ಊರು ಸುಮಾರು ಹತ್ತು ಕಿಲೋಮೀಟರ್ ದೂರದಲ್ಲಿದ್ದು, ಉಳಿಯುವ ಜಾಗದವರ ಮೂಲಕ ಮೊದಲೇ ಒಂದು ಆಟೊ ಹೇಳಿಸಿಟ್ಟುಕೊಳ್ಳುವುದು ಒಳ್ಳೆಯದು. ಅದೇ ಉಡುಪಿಗೆ ಒಬ್ಬರೇ ಹೋಗುವುದಾದರೆ ನಾನು ಈ ರೈಲನ್ನು ಸೂಚಿಸುತ್ತಿರಲಿಲ್ಲ. ಮಳೆಗಾಲದಲ್ಲಿ, ಸರಿಸುಮಾರು ಜೂನ್ ಮಧ್ಯದಿಂದ ಅಕ್ಟೋಬರ್‌ವರೆಗೆ, ಕೊಂಕಣ ರೈಲ್ವೆ ಬೇರೆ ವೇಳಾಪಟ್ಟಿಯಲ್ಲಿ ರೈಲುಗಳನ್ನು ನಿಧಾನವಾಗಿ ಓಡಿಸುವುದರಿಂದ ತಲುಪುವ ಹೊತ್ತನ್ನು ಆಯಾ ತಿಂಗಳಿಗೆ ತಕ್ಕಂತೆ ನೋಡಿಕೊಳ್ಳಬೇಕು.

ಬರ್ತಿನ ವಿಷಯದಲ್ಲಿ ಒಬ್ಬರೇ ಮಲಗಿ ಹೋಗುವ ಮಹಿಳೆಗೆ ನಾನು ಮೇಲಿನ ಬರ್ತನ್ನೇ ಸೂಚಿಸುತ್ತೇನೆ. ಹತ್ತಿ ಮಲಗಿದ ಮೇಲೆ ಅಲ್ಲಿ ಯಾರೂ ಬಂದು ಕೂರುವುದಿಲ್ಲ, ಓಡಾಡುವವರ ಕೈ ತಾಕುವುದಿಲ್ಲ, ಸಣ್ಣ ಚೀಲವನ್ನು ತಲೆಯ ಬದಿಯಲ್ಲೇ ಇಟ್ಟುಕೊಳ್ಳಬಹುದು. ದೊಡ್ಡ ಚೀಲವನ್ನು ಕೆಳ ಬರ್ತಿನ ಅಡಿಯಲ್ಲಿರುವ ಕೊಂಡಿಗೆ ಸರಪಳಿಯಿಂದ ಬಿಗಿಯಿರಿ. ಬಾಗಿಲ ಹತ್ತಿರದ ಸಂಖ್ಯೆಗಳಿಗಿಂತ ಬೋಗಿಯ ನಡುವಿನ ಸಂಖ್ಯೆಗಳು ಒಳ್ಳೆಯವು. ಸ್ಲೀಪರಿನಲ್ಲಿ ಮಹಿಳೆಯರಿಗೆ ವಯಸ್ಸಿನ ನಿರ್ಬಂಧವಿಲ್ಲದೆ ಆರು ಬರ್ತುಗಳ ಪ್ರತ್ಯೇಕ ಕೋಟಾ ಇದ್ದು, ಟಿಕೆಟ್ ಮಾಡುವಾಗ ಲೇಡೀಸ್ ಕೋಟಾ ಎಂದು ಆರಿಸಿಕೊಂಡರೆ ಸುತ್ತಮುತ್ತ ಮಹಿಳೆಯರೇ ಇರುವ ಸಾಧ್ಯತೆ ಹೆಚ್ಚು. ರೈಲ್ವೆ ರಕ್ಷಣಾ ಪಡೆಯು ಒಂಟಿಯಾಗಿ ಪ್ರಯಾಣಿಸುವ ಮಹಿಳೆಯರಿಗಾಗಿ 2020ರಿಂದ ಮೇರಿ ಸಹೇಲಿ ಎಂಬ ವ್ಯವಸ್ಥೆಯನ್ನು ನಡೆಸುತ್ತಿದ್ದು, ಅದರಲ್ಲಿ ಮಹಿಳಾ ಸಿಬ್ಬಂದಿ ಹತ್ತುವ ನಿಲ್ದಾಣದಲ್ಲಿ ಮಾತನಾಡಿಸಿ ಪ್ರಯಾಣದುದ್ದಕ್ಕೂ ವಿಚಾರಿಸಿಕೊಳ್ಳುತ್ತಾರೆ. ತೊಂದರೆಯೆನಿಸಿದರೆ ತಡಮಾಡದೆ 139ಕ್ಕೆ ಕರೆ ಮಾಡಿ ರೈಲಿನ ಸಂಖ್ಯೆ, ಬೋಗಿ, ಬರ್ತುಗಳನ್ನು ಹೇಳಿ. ಸಹಾಯವಾಣಿಗೆ ಕರೆ ಮಾಡಲು ದೊಡ್ಡ ಅಪಾಯವೇ ಬರಬೇಕೆಂದೇನಿಲ್ಲ, ಪಕ್ಕದವರ ವರ್ತನೆ ಹಿತವೆನಿಸದಿದ್ದರೆ ಅದೇ ಸಾಕಾದ ಕಾರಣ.

ಘಾಟಿಯ ವಿಷಯದಲ್ಲಿ ಮಾತ್ರ ನಿರಾಸೆಯ ಉತ್ತರ ಕೊಡಬೇಕಾಗಿದೆ. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್‌ವರೆಗಿನ ಸುಮಾರು 55 ಕಿಲೋಮೀಟರ್ ದಾರಿಯಲ್ಲಿ 57 ಸುರಂಗಗಳಿವೆ, ಪ್ರತಿ 50 ಮೀಟರಿಗೆ ಒಂದು ಮೀಟರ್ ಇಳಿಜಾರಿದೆ. ರಾಜ್ಯದಲ್ಲಿ ಕಿಟಕಿಯ ಬಳಿ ಕುಳಿತು ನೋಡಬೇಕಾದ ರೈಲು ಹಾದಿ ಇದಕ್ಕಿಂತ ಮಿಗಿಲಾದದ್ದು ಇಲ್ಲ ಎಂದೇ ನಾನು ನಂಬಿದ್ದೇನೆ. ಅದನ್ನು ನಿಮ್ಮ ರೈಲು ನಡುರಾತ್ರಿಯ ಆಸುಪಾಸಿನಲ್ಲಿ, ಕತ್ತಲಲ್ಲಿ ಇಳಿಯುತ್ತದೆ. ಘಾಟಿಯನ್ನು ನೋಡಲೇಬೇಕೆಂದರೆ ಒಂದು ದಿಕ್ಕಿನಲ್ಲಿ ಹಗಲು ರೈಲನ್ನು ಹಿಡಿಯಿರಿ. ಯಶವಂತಪುರ ಮತ್ತು ಕಾರವಾರದ ನಡುವೆ ವಾರಕ್ಕೆ ಮೂರು ದಿನ ಓಡುವ ಹಗಲು ಎಕ್ಸ್‌ಪ್ರೆಸ್ ಇದೇ ದಾರಿಯಲ್ಲಿ ಹೋಗುತ್ತದೆ. ಈ ಮಾರ್ಗದ ಹಗಲು ರೈಲುಗಳಿಗೆ 2021ರಿಂದ ಅಗಲವಾದ ಗಾಜಿನ ಕಿಟಕಿಗಳ ವಿಸ್ಟಾಡೋಮ್ ಬೋಗಿಗಳನ್ನೂ ಜೋಡಿಸಲಾಗಿದೆ. ಮೂರು ದಿನಗಳ ರಜೆಯಿದ್ದರೆ ರಾತ್ರಿ ರೈಲಿನಲ್ಲಿ ಹೋಗಿ ಹಗಲು ರೈಲಿನಲ್ಲಿ ಮರಳುವುದು ಉತ್ತಮ, ಆಗ ಮರುದಿನದ ಕೆಲಸಕ್ಕೆ ನಿಮ್ಮ ಹಾಸಿಗೆಯಲ್ಲೇ ಮಲಗಿ ಎದ್ದು ಹೋಗಬಹುದು.

ಪ್ರಶ್ನೆ: ನಾವು ಹತ್ತಬೇಕಾದ ರೈಲು ನಮ್ಮ ನಿಲ್ದಾಣಕ್ಕೆ ರಾತ್ರಿ 12 ದಾಟಿದ ಮೇಲೆ ಬರುತ್ತದೆ. ಶುಕ್ರವಾರ ರಾತ್ರಿ ಹೊರಡುವುದಾದರೆ ಟಿಕೆಟ್ ಯಾವ ದಿನಾಂಕಕ್ಕೆ ಮಾಡಬೇಕು?
— ನಿವೃತ್ತ ಶಿಕ್ಷಕರು, ತುಮಕೂರು

ಉತ್ತರ: ಗುರುಗಳೇ, ಶನಿವಾರದ ದಿನಾಂಕಕ್ಕೆ. ನಮ್ಮ ಮಾತಿನಲ್ಲಿ ಅದು ಶುಕ್ರವಾರ ರಾತ್ರಿಯೇ ಆದರೂ ರೈಲ್ವೆಯ ಗಡಿಯಾರದಲ್ಲಿ 00:01ರಿಂದ ಶನಿವಾರ. ಶುಕ್ರವಾರದ ದಿನಾಂಕ ಹಾಕಿದರೆ ನಿಮ್ಮ ರೈಲು ಗುರುವಾರ ಮಧ್ಯರಾತ್ರಿಯ ಬಳಿಕ ಬಂದು ಹೋಗಿರುತ್ತದೆ, ಟಿಕೆಟಿನ ಹಣವೂ ಹೋಗುತ್ತದೆ. ಆದರೆ ಟಿಕೆಟ್ ತೆರೆಯುವ ದಿನದ ಲೆಕ್ಕ ಬೇರೆ: 60 ದಿನಗಳನ್ನೂ, ತತ್ಕಾಲ್‌ನ ಒಂದು ದಿನವನ್ನೂ ರೈಲು ತಾನು ಹೊರಡುವ ಮೊದಲ ನಿಲ್ದಾಣದ ದಿನಾಂಕದಿಂದ ಎಣಿಸಲಾಗುತ್ತದೆ. ಶುಕ್ರವಾರ ಸಂಜೆ ಮೈಸೂರನ್ನು ಬಿಟ್ಟ ರೈಲು ನಿಮ್ಮಲ್ಲಿಗೆ ಶನಿವಾರ 00:15ಕ್ಕೆ ಬರುವುದಾದರೆ, ನಿಮ್ಮ ಟಿಕೆಟಿನ ಮೇಲೆ ಶನಿವಾರ ಇದ್ದರೂ ತತ್ಕಾಲ್ ತೆರೆಯುವುದು ಗುರುವಾರ ಬೆಳಿಗ್ಗೆ. ಶುಕ್ರವಾರ ಬೆಳಿಗ್ಗೆ ಹತ್ತಕ್ಕೆ ಕುಳಿತರೆ ಒಂದು ದಿನ ತಡವಾಗಿರುತ್ತದೆ. ಹೋಟೆಲಿನ ಕೋಣೆಯನ್ನೂ ಶನಿವಾರದಿಂದಲೇ ಹೇಳಿ.

ಪ್ರಶ್ನೆ: ಒಂದು ರಾತ್ರಿಯ ಪ್ರಯಾಣಕ್ಕೆ ಊಟ, ಸಾಮಾನು ಏನು ಒಯ್ಯಬೇಕು? ಗುರುತಿನ ಚೀಟಿ ಎಲ್ಲರದೂ ಬೇಕೇ?
— ಓದುಗರೊಬ್ಬರು, ದಾವಣಗೆರೆ

ಉತ್ತರ: ಹತ್ತರ ನಂತರ ಹೊರಡುವ ರೈಲಾದರೆ ಮನೆಯಲ್ಲೇ ಊಟ ಮುಗಿಸಿ ಹೊರಡಿ. ಆ ಹೊತ್ತಿನಲ್ಲಿ ಬೋಗಿಯೊಳಗೆ ಡಬ್ಬಿ ಬಿಚ್ಚಿದರೆ ಮಲಗಿರುವವರಿಗೆ ದೀಪವೂ ವಾಸನೆಯೂ ಕಿರಿಕಿರಿ. ಸಂಜೆ ಆರೇಳರ ರೈಲಿಗೆ ಚಪಾತಿ, ಚಟ್ನಿಪುಡಿ, ಪುಳಿಯೋಗರೆಯಂತಹ ಚೆಲ್ಲದ, ಹಳಸದ ತಿಂಡಿ ಸಾಕು. ಕೂಸಿಗೆ ಹಾಲುಪುಡಿ ಕಲಸುವುದಿದ್ದರೆ ಫ್ಲಾಸ್ಕಿನಲ್ಲಿ ಬಿಸಿನೀರು ತುಂಬಿಕೊಳ್ಳಿ, ಮೊಬೈಲ್ ಚಾರ್ಜು ಮಾಡುವ ಪ್ಲಗ್ಗಿಗೆ ವಿದ್ಯುತ್ ಕೆಟಲ್ ಹಾಕುವುದು ನಿಷಿದ್ಧ, ಬೆಂಕಿಯ ಅಪಾಯವೂ ಇದೆ. ಅನೇಕ ರೈಲುಗಳಲ್ಲಿ ರಾತ್ರಿ ಹನ್ನೊಂದರ ಬಳಿಕ ಆ ಪ್ಲಗ್ಗುಗಳ ವಿದ್ಯುತ್ತನ್ನೇ ನಿಲ್ಲಿಸುವುದರಿಂದ ಮೊಬೈಲನ್ನು ಮನೆಯಲ್ಲೇ ತುಂಬಿಸಿಕೊಂಡು ಬನ್ನಿ, ಬೆಳಗಿನ ಅಲಾರಂ ಅದರಲ್ಲೇ ಇರುತ್ತದೆ. ಸಾಮಾನಿಗೆ ಸ್ಲೀಪರಿನಲ್ಲೂ ತ್ರೀ ಟೈರಿನಲ್ಲೂ ತಲಾ 40 ಕಿಲೋ ಮಿತಿಯಿದ್ದರೂ, ಎರಡು ದಿನಕ್ಕೆ ಒಬ್ಬರಿಗೆ ಬೆನ್ನಿಗೆ ಹಾಕುವ ಒಂದು ಚೀಲಕ್ಕಿಂತ ಹೆಚ್ಚು ಬೇಡ. ರಾತ್ರಿ ಬೇಕಾಗುವ ಶಾಲು, ಔಷಧಿ, ಹಲ್ಲುಜ್ಜುವ ಸಾಮಾನುಗಳನ್ನು ಬೇರೆ ಕೈಚೀಲದಲ್ಲಿ ಇಟ್ಟುಕೊಂಡರೆ ಕತ್ತಲಲ್ಲಿ ದೊಡ್ಡ ಚೀಲ ತಡಕಾಡಬೇಕಾಗಿಲ್ಲ. ಗುರುತಿನ ಚೀಟಿ, ಒಂದು ಟಿಕೆಟಿನಲ್ಲಿರುವವರಲ್ಲಿ ಒಬ್ಬರದಾದರೂ ಮೂಲ ಪ್ರತಿ ಇರಬೇಕು. ಡಿಜಿಲಾಕರ್‌ನಲ್ಲಿರುವ ಆಧಾರ್ ಕೂಡ ನಡೆಯುತ್ತದೆ, ಜೆರಾಕ್ಸ್ ನಡೆಯುವುದಿಲ್ಲ. ಹಿರಿಯರಿಗೆ ಪ್ರತ್ಯೇಕ ಟಿಕೆಟ್ ಮಾಡಿಸಿದ್ದರೆ ಅವರ ಚೀಟಿ ಅವರ ಬಳಿಯೇ ಇರಲಿ.